ಕಣ್ಣಳತೆ

ಗಂಡ ಏನೋ ಹುಡುಗಾಟ ಆಡುತ್ತಿದ್ದಾರೆ ಎಂದೇ ಮಲ್ಲಿಕಾಂಬ ಮೊದಲು ತಿಳಿದದ್ದು. ಪಕ್ಕದ ಸೈಟಿನಲ್ಲಿ ಏಳುತ್ತಿದ್ದ ಕಾಂಪೌಂಡು ಗೋಡೆಯ ತುದಿಯಲ್ಲಿ ಷಡಕ್ಷರಿಯವರು ಒಂದು ಕಣ್ಣು ಮುಚ್ಚಿ ನಿಂತಿದ್ದರು. ಅದೇನೂ ಹೊಸದಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ತರೀಕೆರೆಯ ಆ ಬಡಾವಣೆಯಲ್ಲಿ ಯಾರು ಗೋಡೆ ಎಬ್ಬಿಸಿದರೂ ಬೆಳಿಗ್ಗೆ ಎದ್ದವರೇ ಹೋಗಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಅಂಚಿಗೆ ಹಿಡಿದು, ‘ನಡುವೆ ಹೊಟ್ಟೆ ಬಿಟ್ಟಿದೆ ಕಣಯ್ಯ, ಕಿತ್ತು ಕಟ್ಟು’ ಎಂದು ಗಾರೆಯವನಿಗೆ ಹೇಳಿ ಬಂದರೇನೇ ಅವರಿಗೆ ಕಾಫಿ ರುಚಿಸುವುದು. ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವುದು ಕಣ್ಣಿಲ್ಲದವರಿಗೆ ಎಂದು ಅವರು ನಗುತ್ತಿದ್ದರು. ಆದರೆ ಇವತ್ತು ಅವರು ಎಡಗಣ್ಣು ಮುಚ್ಚಿದರು, ತೆರೆದರು. ಬಲಗಣ್ಣು ಮುಚ್ಚಿದರು, ತೆರೆದರು. ಮತ್ತೆ ಎಡಗಣ್ಣನ್ನು ಅಂಗೈಯಿಂದಲೇ ಒತ್ತಿ ಹಿಡಿದು ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿದರು. ಹಿತ್ತಿಲ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಮಲ್ಲಿಕಾಂಬನಿಗೆ ನಗು ಬರುವಂತಾಯಿತು. ಬೇಸಿನ್ನಿನ ಕನ್ನಡಿಯ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳುವ ಮಕ್ಕಳ ಹಾಗೆ ಕಾಣುತ್ತಿದ್ದರು. ಆಮೇಲೆ ಅವರು ಗೋಡೆಯನ್ನು ಕೈಯಿಂದ ಮುಟ್ಟಿದರು. ಷಡಕ್ಷರಿ ಗೋಡೆ ಮುಟ್ಟಿ ನೋಡಿದ್ದನ್ನು ಅವಳು ಹಿಂದೆ ಎಂದೂ ಕಂಡಿರಲಿಲ್ಲ. ಅವಳ ನಗು ಅಲ್ಲೇ ನಿಂತುಹೋಯಿತು.

ಒಳಗೆ ಬಂದವರು ಕುರ್ಚಿಯ ಮೇಲೆ ಕೂರದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ‘ಗೋಡೆ ಹೆಂಗಿದೆ?’ ಎಂದಳು ಮಲ್ಲಿಕಾಂಬ, ಏನಾದರೂ ಕೇಳಬೇಕಲ್ಲ ಎಂದು. ‘ಗೋಡೆನೇ ಇಲ್ಲ ಕಣೇ’ ಎಂದರು. ‘ಈ ಕಣ್ಣಲ್ಲಿ ನೋಡಿದ್ರೆ ಏನೂ ಇಲ್ಲ. ಗೋಡೆನೂ ಇಲ್ಲ, ನೀನೂ ಇಲ್ಲ.’ ಧ್ವನಿಯಲ್ಲಿ ಎಂದಿನ ಗತ್ತಿರಲಿಲ್ಲ. ಸೈಕಲ್ಲಿನ ಬೀಗದ ಕೈ ಎಲ್ಲೋ ಬಿದ್ದುಹೋಯಿತು ಎನ್ನುವವರ ಹಾಗೆ, ಇನ್ನೊಂದು ಸಲ ಜೇಬು ತಡಕಿದರೆ ಸಿಕ್ಕೀತು ಎನ್ನುವವರ ಹಾಗೆ ಹೇಳಿದರು. ಮಲ್ಲಿಕಾಂಬನ ಕೈಯಲ್ಲಿದ್ದ ಪೊರಕೆ ನೆಲಕ್ಕೆ ಬಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಳ್ಳಲಿಲ್ಲ. ಅವಳಿಗೆ ಆ ಕ್ಷಣ ಗಂಡನ ಕಣ್ಣು ನೆನಪಾಗಲಿಲ್ಲ. ನೆನಪಾದದ್ದು ಒಲೆಯ ಮುಂದೆ ತಾನು ಆಡಿದ್ದ ಒಂದು ಮಾತು.

ಅಜ್ಜಂಪುರದಿಂದ ನಾದಿನಿ ತೀರ್ಥಮ್ಮ ತನ್ನ ಬೀಗರನ್ನು ಕರೆದುಕೊಂಡು ಬಂದಿದ್ದ ದಿನ. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಹುಚ್ಚೆಳ್ಳು ಚಟ್ನಿ. ಸೊಸೆ ಯಶೋದಾ ಸಹಕಾರಿ ಬ್ಯಾಂಕಿನ ಕೆಲಸಕ್ಕೆ ಹೋಗಿದ್ದಳು, ಮಗ ವಿಶ್ವನಾಥ್ ಬಸ್ ಸ್ಟ್ಯಾಂಡಿನ ಹಿಂದಿನ ತನ್ನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿದ್ದ. ಮಲ್ಲಿಕಾಂಬ ಒಬ್ಬಳೇ ತಟ್ಟಿ, ಬೇಯಿಸಿ, ಬಡಿಸಿ ಓಡಾಡುತ್ತಿದ್ದಳು. ಷಡಕ್ಷರಿ ನಾಲ್ಕು ಸಲ ಅಗಿದು ನಿಲ್ಲಿಸಿದರು. ದವಡೆಯನ್ನು ಒಂದು ಪಕ್ಕಕ್ಕೆ ಎಳೆದುಕೊಂಡು, ಬಾಯಲ್ಲಿದ್ದ ತುತ್ತನ್ನು ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ‘ತೀರ್ಥಾ, ನಿನ್ನ ಅತ್ತಿಗೆ ರೊಟ್ಟಿಗೆ ಚಪ್ಪಲಿಯ ಅಟ್ಟೆಯಾಗೋ ಯೋಗ್ಯತೆ ಬಂದಿದೆ ನೋಡು’ ಎಂದರು. ಬೀಗರು ನಕ್ಕರು. ನಗಬೇಕೋ ಬೇಡವೋ ತಿಳಿಯದೆ ಅವರ ಹೆಂಡತಿಯೂ ನಕ್ಕಳು. ‘ಅಣ್ಣಂಗೆ ಮೊದ್ಲಿಂದ್ಲೂ ನಾಲಿಗೆ ಉದ್ದ’ ಎಂದು ತೀರ್ಥಮ್ಮ ಸಮಾಧಾನ ಮಾಡುವ ಹಾಗೆ ಹೇಳಿ ತಾನೂ ನಕ್ಕಳು. ಅದು ಮೊದಲನೆಯದಾಗಿರಲಿಲ್ಲ. ಅದಕ್ಕೂ ಕೆಲವು ವಾರದ ಹಿಂದಿನಿಂದ ದಿನವೂ ರೊಟ್ಟಿ ಗಟ್ಟಿ, ಚಪಾತಿ ಗಟ್ಟಿ, ಅನ್ನ ಕೂಡ ನೆಟ್ಟಗೆ ಬೆಂದಿಲ್ಲ. ಅವಳು ಬಿಸಿನೀರಲ್ಲಿ ಹಿಟ್ಟು ಕಲಸಿದಳು, ಅನ್ನ ಸೇರಿಸಿ ನಾದಿದಳು, ತುಪ್ಪ ಸವರಿ ಬಟ್ಟೆಯಲ್ಲಿ ಮುಚ್ಚಿಟ್ಟಳು. ಈ ವಯಸ್ಸಿನಲ್ಲಿ ಹೊಸದಾಗಿ ಬಂದ ಸೊಸೆಯ ಹಾಗೆ ತಟ್ಟೆಯ ಪಕ್ಕ ನಿಂತು ಗಂಡನ ದವಡೆ ನೋಡಿದಳು. ಆ ದಿನ ಮಾತ್ರ ಒಳಗೆ ಬಂದವಳೇ ಹೆಂಚಿನ ಮೇಲಿನ ರೊಟ್ಟಿ ಸೀಯುವುದನ್ನು ನೋಡುತ್ತ ಹಲ್ಲು ಕಚ್ಚಿ ಅಂದಿದ್ದಳು: ‘ನಿನ್ ಕಣ್ ಸೇದ್ಹೋಗ.’

ಮಲ್ಲಿಕಾಂಬನ ತವರೂ ಅಜ್ಜಂಪುರವೇ; ಅಲ್ಲಿ ಅವಳ ಅವ್ವ ಆ ಮಾತನ್ನು ದಿನಕ್ಕೆಷ್ಟು ಸಲ ಆಡುತ್ತಿದ್ದಳೋ. ಮೇಕೆಗೆ ಅನ್ನುತ್ತಿದ್ದಳು, ಹಾಲಿಗೆ ನೀರು ಬೆರೆಸುವ ದ್ಯಾಮಮ್ಮನಿಗೆ ಅನ್ನುತ್ತಿದ್ದಳು, ಮಕ್ಕಳಿಗಂತೂ ಎಬ್ಬಿಸುವಾಗಿನಿಂದ ಮಲಗಿಸುವವರೆಗೆ. ಯಾರ ಕಣ್ಣೂ ಸೇದಿರಲಿಲ್ಲ. ಮೇಕೆ ಚೆನ್ನಾಗಿಯೇ ಇತ್ತು. ದ್ಯಾಮಮ್ಮ ಕೊನೆಯವರೆಗೂ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆ ಮನೆಯಲ್ಲಿ ಬೈಗುಳವೆಂದರೆ ಕೆಮ್ಮು ಇದ್ದ ಹಾಗೆ, ಬಾಯಿಂದ ಬಂದು ಗಾಳಿಯಲ್ಲಿ ಹೋಗುವಂಥದ್ದು. ಆದರೆ ಅವ್ವ ಕೂಗಿ ಹೇಳುತ್ತಿದ್ದಳು, ಬೀದಿಗೆಲ್ಲ ಕೇಳುವ ಹಾಗೆ. ಮಲ್ಲಿಕಾಂಬ ಒಳಗೊಳಗೇ ಅಂದಿದ್ದಳು. ಕೂಗಿದ ಮಾತಿಗೂ ನುಂಗಿದ ಮಾತಿಗೂ ವ್ಯತ್ಯಾಸವಿದೆಯೇ ಎಂದು ಅವಳು ಈಗ, ಹೊಸ್ತಿಲಲ್ಲಿ ನಿಂತ ಗಂಡನ ಬಲಗಣ್ಣನ್ನು ನೋಡುತ್ತ ಯೋಚಿಸಿದಳು. ಕಣ್ಣು ಎಂದಿನ ಹಾಗೇ ಇತ್ತು. ಕೆಂಪಿಲ್ಲ, ನೀರಿಲ್ಲ, ಬಿಳಿ ಪೊರೆಯಿಲ್ಲ. ಅವಳನ್ನೇ ನೋಡುತ್ತಿರುವ ಹಾಗಿತ್ತು.

‘ವಿಶ್ವನಿಗೆ ಫೋನ್ ಮಾಡ್ಲೇನ್ರೀ?’ ಎಂದಳು. ‘ಬ್ಯಾಡ. ಅವತ್ತು ಹಿಂಗೇ ಆಗಿ ಸರಿಹೋಗ್ಲಿಲ್ವಾ? ಇವತ್ತೂ ಹೋಗುತ್ತೆ. ಅವನಿಗೆ ಅಂಗಡೀಲಿ ಕೆಲಸ ಇರುತ್ತೆ.’ ಅವತ್ತು ಎಂದರೆ ಯಾವತ್ತು ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಕೆಲವು ದಿನದ ಹಿಂದೆ ಸಂಜೆ ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಅವರು ಪೇಪರು ಕೆಳಗಿಟ್ಟು, ‘ಇವಳೇ, ಕಣ್ಣಿಗೆ ಪರದೆ ಇಳಿದಂಗಾಯ್ತು ನೋಡು, ಈಗ ಸರಿಹೋಯ್ತು’ ಎಂದಿದ್ದರು. ಅವಳು ತಲೆ ಎತ್ತಿರಲಿಲ್ಲ. ‘ನನ್ ರೊಟ್ಟಿ ತಿಂದೇ ಕಣ್ಣಿಗೂ ಬಂತು ಅನ್ನಿ. ಅದೊಂದು ಬಾಕಿ ಇತ್ತು’ ಎಂದಿದ್ದಳು. ಅವರು ಮತ್ತೆ ಪೇಪರು ಎತ್ತಿಕೊಂಡಿದ್ದರು. ಮಾತಿಗೆ ಮಾತು ಕೊಟ್ಟು ಅವರ ಬಾಯಿ ಮುಚ್ಚಿಸಿದೆನಲ್ಲ ಎಂದು ಅವಳಿಗೆ ಆ ಸಂಜೆಯೆಲ್ಲ ಒಂದು ಬಗೆಯ ಹುರುಪಿತ್ತು. ಅಂಗಿಗಳನ್ನು ಎಂದಿಗಿಂತ ಚೊಕ್ಕವಾಗಿ ಮಡಿಸಿಟ್ಟಿದ್ದಳು. ಈಗ ವಿಶ್ವನಿಗೆ ಫೋನು ಮಾಡಿದರೆ ಅವನು ಮೊದಲು ಕೇಳುವುದೇ ಇದನ್ನು: ಮುಂಚೆ ಯಾವಾಗಾದರೂ ಆಗಿತ್ತಾ, ನಿನಗೆ ಹೇಳಿದ್ರಾ? ಅವಳು ಕೈಯಲ್ಲಿ ಹಿಡಿದ ಫೋನನ್ನು ಫ್ರಿಜ್ಜಿನ ಮೇಲಿಟ್ಟಳು. ‘ಸ್ವಲ್ಪ ಹೊತ್ತು ಕಣ್ಮುಚ್ಕೊಂಡು ಮಲಗಿ, ಸರಿಹೋಗುತ್ತೆ’ ಎಂದಳು. ಸರಿಹೋಗಲಿಲ್ಲ. ಅವರಿಬ್ಬರೂ ಆ ಇಡೀ ದಿನ ಒಂದು ಕಳ್ಳತನ ಮಾಡಿದವರ ಹಾಗೆ ಮನೆಯಲ್ಲಿ ಓಡಾಡಿದರು. ರಾತ್ರಿ ಊಟಕ್ಕೆ ಕೂತಾಗ ಮಗ ಮೋಟಾರಿನ ವೈಂಡಿಂಗ್ ಬಗ್ಗೆ ಏನೋ ಹೇಳುತ್ತಿದ್ದರೆ ಷಡಕ್ಷರಿ ಕತ್ತನ್ನು ಬಲಕ್ಕೆ ತಿರುಗಿಸಿಕೊಂಡು, ಎಡಗಣ್ಣಿಂದ ಅವನನ್ನು ನೋಡುತ್ತ ಹೂಂಗುಟ್ಟಿದರು. ಮಲ್ಲಿಕಾಂಬ ಅವರ ಕೈಗೆಟುಕುವ ಹಾಗೆ ನೀರಿನ ಲೋಟವನ್ನು ಸದ್ದಾಗದಂತೆ ಸರಿಸಿದಳು. ಬಹಳ ವರ್ಷದ ಮೇಲೆ ಅವರಿಬ್ಬರೂ ಒಂದೇ ಪಕ್ಷದಲ್ಲಿದ್ದರು.

ಬೆಳಿಗ್ಗೆ ಯಶೋದಾ ಕಾಫಿ ಕೊಟ್ಟಳು. ಷಡಕ್ಷರಿ ಲೋಟಕ್ಕೆಂದು ಚಾಚಿದ ಕೈ ಅವಳ ಮೊಣಕೈಗೆ ತಾಗಿ ಕಾಫಿಯೆಲ್ಲ ಅವಳ ಸೀರೆಯ ಮೇಲೆ ಚೆಲ್ಲಿತು. ಮಾವನ ಮುಖ ನೋಡಿದ ಅವಳು ಸೀರೆಯ ಕಡೆ ನೋಡಲೇ ಇಲ್ಲ. ‘ಮಾವ, ಇದೆಷ್ಟು ಬೆರಳು ಹೇಳಿ?’ ಎಂದು ಅವರ ಬಲಗಡೆಗೆ ಕೈ ಎತ್ತಿ ಹಿಡಿದಳು. ಷಡಕ್ಷರಿ, ‘ನನಗೇ ಪರೀಕ್ಷೆ ಮಾಡ್ತೀಯೇನಮ್ಮ?’ ಎಂದು ನಗಲು ಹೋದರು. ಬೆರಳು ಎಷ್ಟೆಂದು ಹೇಳಲಿಲ್ಲ. ವಿಶ್ವನಾಥ್ ತಲೆಗೆ ಸ್ನಾನ ಮಾಡುತ್ತಿದ್ದವನು ಒದ್ದೆಯಲ್ಲೇ ಹೊರಗೆ ಬಂದ.

ಊರಿನ ಕಣ್ಣಿನ ಡಾಕ್ಟರು ಲೈಟು ಬಿಟ್ಟು ನೋಡಿ, ಕುರ್ಚಿಯಿಂದ ಎದ್ದೇ ನಿಂತು, ‘ಈಗಿಂದೀಗ್ಲೇ ಶಿವಮೊಗ್ಗಕ್ಕೆ ಹೊರಡಿ, ಮನೆಗೂ ಹೋಗ್ಬೇಡಿ’ ಎಂದರು. ಕಾರಿನಲ್ಲಿ ಷಡಕ್ಷರಿ ಮುಂದೆ ಮಗನ ಪಕ್ಕ ಕೂತಿದ್ದರು. ಹಿಂದಿನ ಸೀಟಿನಿಂದ ಮಲ್ಲಿಕಾಂಬನಿಗೆ ಅವರ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಕೂದಲು ಬಾಚದೆ ಎದ್ದು ನಿಂತಿತ್ತು. ಪ್ರತಿ ಶನಿವಾರ ಅವರ ತಲೆಗೆ ಎಣ್ಣೆ ತಟ್ಟುವುದು ಮದುವೆಯಾದಂದಿನಿಂದ ನಡೆದುಬಂದದ್ದು. ಅವರಿಬ್ಬರ ನಡುವೆ ಮುಟ್ಟುವುದು ಎಂದು ಉಳಿದಿದ್ದರೆ ಅದೊಂದೇ. ಇತ್ತೀಚೆಗೆ ಅವರು ಅವಳ ಕೈ ತಳ್ಳಿಬಿಡುತ್ತಿದ್ದರು. ‘ಮುಟ್ಬ್ಯಾಡ ಹೋಗು, ಉರಿಯುತ್ತೆ’ ಎನ್ನುತ್ತಿದ್ದರು. ಉರಿಯುವುದು ತನ್ನ ಕೈ ಎಂದು ಅವಳು ಅರ್ಥಮಾಡಿಕೊಂಡಿದ್ದಳು. ಎಣ್ಣೆ ಬಟ್ಟಲನ್ನು ಒಳಗೆ ತಂದು, ಆ ಎಣ್ಣೆಯನ್ನು ತನ್ನ ಮೊಣಕಾಲಿಗೆ ಸವರಿಕೊಂಡು, ಇನ್ನು ಕರೆದರೂ ಹೋಗಬಾರದೆಂದು ತೀರ್ಮಾನಿಸಿದ್ದಳು. ಅವರು ಕರೆಯಲೂ ಇಲ್ಲ. ಭದ್ರಾವತಿ ದಾಟುವಾಗ ಷಡಕ್ಷರಿ ಮಗನಿಗೆ, ‘ಇಷ್ಟು ಬಿಸಿಲಿದ್ರೂ ಗ್ಲಾಸ್ ಯಾಕೋ ಮಸಕಾಗಿದೆಯಲ್ಲೋ, ಒರೆಸ್ಬಾರ್ದಾ?’ ಎಂದರು. ಗಾಜು ಚೊಕ್ಕಟವಾಗಿತ್ತು. ವಿಶ್ವನಾಥ್ ಕಾರನ್ನು ಇನ್ನಷ್ಟು ಜೋರಾಗಿ ಬಿಟ್ಟ.

ಆ ದೊಡ್ಡ ಆಸ್ಪತ್ರೆಯ ಡಾಕ್ಟರು ಯಶೋದೆಗಿಂತ ಚಿಕ್ಕವಳು. ಕಣ್ಣು ನೋಡುವ ಮೊದಲು ಅವಳು ಷಡಕ್ಷರಿಯವರ ಹಣೆಯ ಪಕ್ಕದ ಕಣತಲೆಯನ್ನು ಎರಡು ಬೆರಳಿನಿಂದ ಮುಟ್ಟಿದಳು. ಅವರು ಹೌಹಾರಿ ತಲೆ ಹಿಂದಕ್ಕೆ ಎಳೆದುಕೊಂಡರು. ‘ತಲೆ ಬಾಚ್ಕೊಳ್ಳುವಾಗ ನೋವಾಗ್ತಿತ್ತಾ ಅಜ್ಜ?’ ‘ಆಗ್ತಿತ್ತು. ದಿಂಬಿಗೆ ತಲೆ ಕೊಟ್ರೂ ಆಗ್ತಿತ್ತು.’ ‘ಊಟ ಅಗಿಯುವಾಗ ದವಡೆ?’ ಷಡಕ್ಷರಿ ದವಡೆಯನ್ನು ಸವರಿಕೊಂಡರು. ಗೋಡೆಗೆ ಒರಗಿದ್ದ ಮಲ್ಲಿಕಾಂಬ ನೆಟ್ಟಗೆ ನಿಂತಳು. ‘ನಾಲ್ಕು ಸಲ ಅಗಿಯೋ ಹೊತ್ತಿಗೆ ಬಿಗಿದ್ಕೊಂಡ್ಬಿಡೋದು. ಸ್ವಲ್ಪ ಹೊತ್ತು ಬಿಟ್ರೆ ಸರಿಹೋಗೋದು. ನಾನು ರೊಟ್ಟಿದು ಅಂದ್ಕೊಂಡೆ’ ಎಂದರು. ಡಾಕ್ಟರು ತಲೆದೂಗಿ ಬರೆದುಕೊಂಡಳು. ವಯಸ್ಸಾದವರಿಗೆ ತಲೆಯ ರಕ್ತನಾಳಗಳು ಹೀಗೆ ಊದಿಕೊಳ್ಳುವುದುಂಟು, ಕಣ್ಣಿನ ಹಿಂದಿನ ನರಕ್ಕೆ ರಕ್ತ ಹೋಗುವುದು ನಿಂತು ಆ ನರವೂ ಊದಿಕೊಂಡಿದೆ, ಬಲಗಣ್ಣಿಂದು ಹೋಗಿರುವುದು ಇನ್ನು ಬರುವುದಿಲ್ಲ, ಎಡಗಣ್ಣಿಗೂ ಶುರುವಾಗಿದೆ, ಇವತ್ತೇ ದೊಡ್ಡ ಡೋಸಿನ ಔಷಧಿಯನ್ನು ಡ್ರಿಪ್ಪಿನಲ್ಲಿ ಕೊಡಬೇಕು, ಉಳಿದಷ್ಟನ್ನು ಉಳಿಸಿಕೊಳ್ಳೋಣ ಎಂದು ಬಿಡಿಸಿ ಹೇಳಿದಳು. ‘ಯಾರ ತಪ್ಪೂ ಅಲ್ಲ, ಇದು ಬರೋರಿಗೆ ಬರುತ್ತೆ’ ಎಂದೂ ಸೇರಿಸಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ, ಅಷ್ಟೇನೂ ದೊಡ್ಡ ವಿಷಯವಲ್ಲ ಎಂಬಂತೆ ಕೇಳಿದಳು: ‘ಇದಕ್ಕೆ ಮುಂಚೆ ಯಾವತ್ತಾದ್ರೂ ಒಂದೆರಡು ನಿಮಿಷ ಕಣ್ಣು ಮಂಜಾಗಿ ಸರಿಹೋಗಿತ್ತಾ? ಆವಾಗ್ಲೇ ಬಂದಿದ್ರೆ ಚೆನ್ನಾಗಿತ್ತು.’

‘ಇಲ್ಲ’ ಎಂದರು ಷಡಕ್ಷರಿ.

ತಕ್ಷಣ ಹೇಳಿದರು. ಯೋಚಿಸಿ ಹೇಳಿದ ಹಾಗಿರಲಿಲ್ಲ. ವಿಶ್ವನಾಥ್ ತಾಯಿಯ ಕಡೆ ತಿರುಗಿ, ‘ನಿಂಗೂ ಏನೂ ಹೇಳಿರ್ಲಿಲ್ವೇನವ್ವ?’ ಎಂದ. ‘ಇಲ್ಲ ಕಣೋ’ ಎಂದಳು ಅವಳು. ಎರಡು ಇಲ್ಲಗಳೂ ಆ ಬಿಳಿ ಕೋಣೆಯಲ್ಲಿ ಅಕ್ಕಪಕ್ಕ ಕೂತವು. ಅವರು ಮರೆತಿದ್ದರೇ? ನಿನ್ನೆ ಬೆಳಿಗ್ಗೆ ತಾನೇ ‘ಅವತ್ತು ಹಿಂಗೇ ಆಗಿ’ ಎಂದವರು ಇವತ್ತು ಹೇಗೆ ಮರೆತಾರು? ತನ್ನನ್ನು ಕಾಪಾಡಿದರೇ? ಕಾಪಾಡುವುದು ಅವರ ಜಾಯಮಾನವೇ ಅಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಪಕ್ಕದ ಮನೆಯವರನ್ನು ಕರೆದು ರುಚಿ ತೋರಿಸಿದವರು ಅವರು. ಅಥವಾ ತಾವೇ ಮುಚ್ಚಿಟ್ಟೆವೆಂದು ಮಗನೆದುರು ಚಿಕ್ಕವರಾಗಲು ಇಷ್ಟವಿಲ್ಲದೆ ಹೇಳಿದರೋ? ಆ ಒಂದು ಶಬ್ದದ ಒಳಗೆ ಏನಿದೆ ಎಂಬುದನ್ನು ತಿಳಿಯಲು ಅವಳು ಗಂಡನ ಮುಖ ನೋಡಿದಳು. ಅವರು ಅವಳಿದ್ದ ಕಡೆಗಲ್ಲದೆ, ಅವಳ ಪಕ್ಕದಲ್ಲಿ ಕ್ಯಾಲೆಂಡರು ತೂಗಿದ್ದ ಕಡೆಗೆ ಮುಖ ಮಾಡಿ ಕೂತಿದ್ದರು.

ಔಷಧಿ ಹಿಡಿಯುವ ಮೊದಲೇ ಎಡಗಣ್ಣಿಂದಲೂ ಬಹುಪಾಲು ಹೋಯಿತು. ಮಾರನೆಯ ದಿನ ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆಲ್ಲ ಬಿದ್ದಿದ್ದಾಗ ಅವರು ನಿದ್ದೆಯಿಂದ ಎದ್ದು, ‘ಲೈಟ್ ಹಾಕ್ರೋ’ ಎಂದರು. ಮಗ ಎದ್ದುಹೋಗಿ ಸ್ವಿಚ್ ಒತ್ತಿದ. ಉರಿಯುವ ಬಿಸಿಲಲ್ಲಿ ಆ ಟ್ಯೂಬ್‌ಲೈಟು ಹತ್ತಿಕೊಂಡದ್ದನ್ನು ನೋಡುತ್ತ ಮಲ್ಲಿಕಾಂಬ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೊನೆಗೆ ಉಳಿದದ್ದಿಷ್ಟು: ಎಡಗಣ್ಣಿನಲ್ಲಿ ಒದ್ದೆ ಬಟ್ಟೆಯೊಳಗಿಂದ ನೋಡಿದಂತೆ ಬೆಳಕು, ಕಿಟಕಿಯ ಆಕಾರ, ಯಾರೋ ಎದುರಿಗೆ ಹಾದುಹೋದರೆ ಒಂದು ನೆರಳು. ಅದು ನಿಂತಿತು, ಅದಕ್ಕಿಂತ ಕೆಡಲಿಲ್ಲ, ಅದಕ್ಕಿಂತ ಸುಧಾರಿಸಲೂ ಇಲ್ಲ.

ದವಡೆಯ ನೋವು ಮಾತ್ರ ಔಷಧಿ ಬಿದ್ದ ಒಂದು ದಿನದಲ್ಲೇ ಹೋಗಿತ್ತು. ಮನೆಗೆ ಬಂದ ಮೇಲೆ ಮೊದಲ ಸಲ ರೊಟ್ಟಿ ಮಾಡಿದಾಗ ಮಲ್ಲಿಕಾಂಬ ವಿಶೇಷವಾಗಿ ಏನೂ ಮಾಡಲಿಲ್ಲ. ಬೇಕೆಂದೇ ಮಾಡಲಿಲ್ಲ, ತಣ್ಣೀರಲ್ಲಿ ಕಲಸಿ, ಮನಸ್ಸಿಲ್ಲದ ಮನಸ್ಸಿನಿಂದ ತಟ್ಟಿದಳು. ಷಡಕ್ಷರಿ ಬೆರಳಲ್ಲಿ ತಡಕಿ, ಮುರಿದು, ಚಟ್ನಿ ಎಲ್ಲಿದೆಯೆಂದು ಹುಡುಕಿ ಅದ್ದಿಕೊಂಡು ಬಾಯಿಗಿಟ್ಟರು. ಅಗಿದರು. ಇನ್ನೊಂದು ಕೇಳಿದರು. ‘ಇವತ್ತು ರೊಟ್ಟಿ ಹೂವಿನಂಗಿದೆ ಕಣೇ’ ಎಂದರು. ಮಲ್ಲಿಕಾಂಬ ಒಳಗೆ ಹೋಗಿ ಹೆಂಚನ್ನು ಕಲ್ಲಿಗೆ ಕುಕ್ಕಿದಳು. ಅಷ್ಟೊಂದು ವಾರ ಅವಳು ಅತ್ತದ್ದು, ಹಿಟ್ಟಿನಲ್ಲಿ ದೋಷ ಹುಡುಕಿದ್ದು, ಬೀಗರ ಮುಂದೆ ತಲೆ ತಗ್ಗಿಸಿದ್ದು, ಆ ಮಾತು ಆಡಿದ್ದು, ಎಲ್ಲ ಒಂದು ಊದಿದ ನರಕ್ಕಾಗಿ. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಬೈದವರು ಬೈದಿರಲಿಲ್ಲ, ನೋವು ಬೈದಿತ್ತು. ಹಾಗಾದರೆ ಶಾಪ ಹಾಕಿದವಳು ಯಾರಿಗೆ ಹಾಕಿದ ಹಾಗಾಯಿತು? ‘ಇನ್ನೊಂದು ತರ್ತೀಯಾ?’ ಎಂದು ಹೊರಗಿನಿಂದ ಕೇಳಿಸಿತು. ಔಷಧಿಯ ದೆಸೆಯಿಂದ ಅವರಿಗೆ ವಿಪರೀತ ಹಸಿವು. ಮುಖ ಊದಿ ದುಂಡಗಾಗಿತ್ತು. ಗುರುತು ಹತ್ತದ ಹಾಗೆ, ಯಾರದೋ ಮನೆಯ ಕೂಸಿನ ಮುಖದ ಹಾಗೆ.

ಮತ್ತೆ ಒಂದು ಸಂಗತಿ ಶುರುವಾಯಿತು. ಅದನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ. ಮನೆ ಹಗುರವಾಗಿತ್ತು. ಇಷ್ಟು ವರ್ಷ ಆ ಮನೆಯೊಳಗೆ ಅವರ ಕಣ್ಣು ಓಡಾಡುತ್ತಿತ್ತು. ಕಿಟಕಿಯ ಸರಳಿನ ಧೂಳು, ಓರೆಯಾದ ಬಸವಣ್ಣನ ಫೋಟೊ, ಅವಳ ಸೀರೆಯ ಅಂಚು ಕೆಳಗಾದದ್ದು, ಕುಂಕುಮ ಒಂದು ಕೂದಲೆಳೆ ಸರಿದದ್ದು, ಎಲ್ಲವನ್ನೂ ಆ ಕಣ್ಣು ಅಳೆಯುತ್ತಿತ್ತು. ಅವಳು ಬಾಗಿದರೆ ಅಳೆಯುತ್ತಿತ್ತು, ಕೂತರೆ ಅಳೆಯುತ್ತಿತ್ತು. ಈಗ ಅವಳು ಅವರೆದುರಿಗೇ ಕಾಲು ನೀಡಿ ಕೂತಳು. ತಲೆ ಬಿಚ್ಚಿಕೊಂಡು ಹಾಗೇ ಓಡಾಡಿದಳು. ಕೈ ಅಡ್ಡ ಹಿಡಿಯದೆ ಆಕಳಿಸಿದಳು. ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತು ಅವರ ಮುಖವನ್ನು ಸುಮ್ಮನೆ ನೋಡಿದಳು. ಹಾಗೆ ನೆಟ್ಟಗೆ, ಅಷ್ಟು ಹೊತ್ತು, ಮದುವೆಯಾದ ಮೇಲೆ ಒಂದು ಸಲವೂ ನೋಡಿರಲಿಲ್ಲ. ಕಿವಿಯ ಕೆಳಗೊಂದು ಮಚ್ಚೆ ಇದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಸಂಜೆ ಅವರು ರೇಡಿಯೊ ಸದ್ದು ಕಡಿಮೆ ಮಾಡು, ಕಿಟಕಿ ಹಾಕು, ಬೇಡ ತೆಗೆ, ನೀರು ತಣ್ಣಗಿದೆ ಎಂದು ಒಂದೇ ಸಮನೆ ಹೇಳುತ್ತಿದ್ದಾಗ, ಏನು ಮಾಡುತ್ತಿದ್ದೇನೆಂದು ಅವಳಿಗೇ ಹೊಳೆಯುವ ಮೊದಲೇ, ಅವಳು ಅವರ ಮುಖದ ಮುಂದೆ ಬಗ್ಗಿ ನಾಲಿಗೆ ಹೊರಚಾಚಿ ಅಣಕಿಸಿದಳು. ಷಡಕ್ಷರಿ ಅವಳ ಕಡೆಗೇ ಮುಖವಿಟ್ಟು ಶಾಂತವಾಗಿ ಕೂತಿದ್ದರು. ಅವಳು ತಿರುಗಿದರೆ ಬಾಗಿಲಲ್ಲಿ ಯಶೋದಾ, ಹೆಗಲ ಮೇಲೆ ಬ್ಯಾಗು, ಕೈಯಲ್ಲಿ ಬಿಚ್ಚಿದ ಚಪ್ಪಲಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಸೊಸೆ ಚಪ್ಪಲಿಯನ್ನು ಗೂಡಿನಲ್ಲಿಟ್ಟಳು. ‘ಹಾಲು ಉಕ್ತಾ ಇದೆ ಅತ್ತೆ’ ಎಂದಳು. ಒಲೆಯ ಮೇಲೆ ಹಾಲೇ ಇರಲಿಲ್ಲ. ಮಲ್ಲಿಕಾಂಬ ಓಡಿದಳು, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ತಣ್ಣಗಿದ್ದ ಒಲೆಯೆದುರು ನಿಂತಳು. ನಾಲಿಗೆ ಇನ್ನೂ ಹೊರಗೇ ಇದೆಯೇನೋ ಎಂಬಂತೆ ಬಾಯನ್ನು ಕೈಯಿಂದ ಒತ್ತಿಕೊಂಡಳು. ಯಶೋದಾ ಆ ವಿಷಯ ಎತ್ತಲಿಲ್ಲ. ಅಂದಿನಿಂದ ಬ್ಯಾಂಕಿನಿಂದ ಬಂದಾಗ ಗೇಟಿನ ಚಿಲಕವನ್ನು ಮಾತ್ರ ಸ್ವಲ್ಪ ಜೋರಾಗಿ ಸದ್ದು ಮಾಡಿ ತೆಗೆಯುತ್ತಿದ್ದಳು.

ಯಶೋದೆಯ ತಮ್ಮನ ಮದುವೆ ಕಡೂರಿನ ಕಲ್ಯಾಣ ಮಂಟಪದಲ್ಲಿ ಆಯಿತು. ಷಡಕ್ಷರಿ ಬರುವುದಿಲ್ಲ ಎಂದರು. ಆಮೇಲೆ, ಬರದಿದ್ದರೆ ಬೀಗರು ಏನಂದುಕೊಳ್ಳುತ್ತಾರೆ ಎಂದು ತಾವೇ ಇಸ್ತ್ರಿ ಮಾಡಿದ ಪಂಚೆ ಕೇಳಿದರು. ಮಗ ಸೊಸೆ ಹಿಂದಿನ ದಿನವೇ ಹೋಗಿದ್ದರು. ಮಲ್ಲಿಕಾಂಬ ಗಂಡನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಹತ್ತುವಾಗ ಕಂಡಕ್ಟರು, ‘ಅಜ್ಜಂಗೆ ಕಣ್ಣು ಕಾಣಲ್ವೇನಜ್ಜಿ? ಮುಂದ್ಗಡೆ ಕೂರ್ಸಿ’ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಬೀರೂರಿನವರೆಗೂ ಷಡಕ್ಷರಿ ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿಕೊಂಡಿದ್ದರು. ಮೊದಲೆಲ್ಲ ಅವರು ಹತ್ತು ಮಾರು ಮುಂದೆ ನಡೆಯುವವರು, ಇವಳು ಚೀಲ ಹಿಡಿದು ಹಿಂದೆ. ಕಡೂರಿನ ಬಸ್ ಸ್ಟ್ಯಾಂಡಿನಿಂದ ಮಂಟಪದವರೆಗೆ ಅವಳು ಮುಂದೆ, ಅವರು ಅವಳ ತೋಳು ಹಿಡಿದು ಅರ್ಧ ಹೆಜ್ಜೆ ಹಿಂದೆ. ಕೊಬ್ಬರಿ ಚೀಲ ಇಳಿಸುತ್ತಿದ್ದ ಲಾರಿಯ ಹತ್ತಿರ ಅವರ ಬೆರಳು ಅವಳ ತೋಳನ್ನು ನೋಯುವಂತೆ ಹಿಡಿದವು. ಅವಳು ನಡಿಗೆ ನಿಧಾನ ಮಾಡಿದಳು.

ಮಂಟಪದಲ್ಲಿ ಅವರನ್ನು ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂರಿಸಿದಳು. ಜನ ಬಂದು ಮಾತಾಡಿಸಿದರು. ದೂರದ ನೆಂಟ ಓಂಕಾರಮೂರ್ತಿ ಬಂದು ಅವರ ಎರಡೂ ಕೈ ಹಿಡಿದುಕೊಂಡು, ‘ನಾನ್ಯಾರು ಹೇಳಿ ನೋಡೋಣ’ ಎಂದ. ಷಡಕ್ಷರಿ ನಕ್ಕರು. ಧ್ವನಿಯ ಕಡೆಗೆ ಕತ್ತು ಚಾಚಿ, ‘ಹನುಮಂತಪ್ಪ ಅಲ್ವೇನೋ?’ ಎಂದರು. ಸುತ್ತ ನಿಂತವರು ಗೊಳ್ಳೆಂದರು. ‘ಇಲ್ಲ ಇಲ್ಲ, ಇನ್ನೊಂದ್ಸಲ ಹೇಳಿ’ ಎಂದ ಓಂಕಾರಮೂರ್ತಿ. ಷಡಕ್ಷರಿ ಮತ್ತೆ ನಕ್ಕರು. ಆ ನಗು ಅವಳಿಗೆ ಪರಿಚಯವಿರದ ನಗು, ಕ್ಲಾಸಿನಲ್ಲಿ ಉತ್ತರ ಗೊತ್ತಿಲ್ಲದ ಹುಡುಗರು ಮೇಷ್ಟರೆದುರು ನಗುವಂಥದ್ದು. ‘ಅವರೇನು ಆಟದ ಸಾಮಾನೇನಪ್ಪಾ? ಹೆಸರು ಹೇಳಿ ಮಾತಾಡ್ಸು’ ಎಂದಳು ಮಲ್ಲಿಕಾಂಬ. ಓಂಕಾರಮೂರ್ತಿ ಪೆಚ್ಚಾಗಿ ಕೈ ಬಿಟ್ಟ. ‘ಸುಮ್ನಿರೇ, ಪ್ರೀತಿಯಿಂದ ಕೇಳ್ತಾನೆ’ ಎಂದು ಷಡಕ್ಷರಿ ಅವಳನ್ನೇ ಗದರಿದರು.

ಊಟದ ಹಾಲಿನಲ್ಲಿ ಎಲೆಯ ಮೇಲೆ ಏನೇನು ಎಲ್ಲೆಲ್ಲಿದೆ ಎಂದು ಅವಳು ಅವರ ಬೆರಳು ಹಿಡಿದು ತೋರಿಸಿದಳು. ಅಷ್ಟರಲ್ಲಿ ಯಶೋದೆಯ ತಾಯಿ ಬಂದು, ‘ಬನ್ನಿ ಬೀಗಿತ್ತಿ, ಹೆಣ್ಣಿನ ಸೀರೆ ನೋಡೋರಂತೆ, ಒಂದು ಗಳಿಗೆ’ ಎಂದು ಎಳೆದಳು. ‘ಹೋಗ್ಬಾ, ನಾನು ಉಣ್ತಿರ್ತೀನಿ’ ಎಂದರು ಅವರು. ಮಲ್ಲಿಕಾಂಬ ಹೋದಳು. ಕೋಣೆಯ ತುಂಬ ಹೆಂಗಸರು, ಮಲ್ಲಿಗೆಯ ವಾಸನೆ, ಹಾಸಿಗೆಯ ಮೇಲೆ ಹರಡಿದ ರೇಷ್ಮೆ. ಯಾರೋ ಅವಳ ತಲೆಗೆ ಹೂ ಮುಡಿಸಿದರು. ಯಾರೋ ಏನೋ ಹೇಳಿದರು, ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಹಳ ದಿನದ ಮೇಲೆ ಅವಳ ತೋಳಿನ ಮೇಲೆ ಯಾರ ಬೆರಳೂ ಇರಲಿಲ್ಲ. ಹಸಿರು ಅಂಚಿನ ಸೀರೆಯೊಂದನ್ನು ಮಡಿಲ ಮೇಲಿಟ್ಟುಕೊಂಡು ಅದರ ನೇಯ್ಗೆ ಸವರುತ್ತಿದ್ದವಳಿಗೆ ಗಂಡ ಎಂಬುವರೊಬ್ಬರಿದ್ದಾರೆ ಎಂಬುದೇ ಮರೆತುಹೋಗಿತ್ತು. ನೆನಪಾದದ್ದೇ, ಅವಳು ಸೀರೆಯನ್ನು ಹಾಗೇ ಬಿಟ್ಟು ಹೊರಟಳು.

ಊಟದ ಹಾಲಿನಲ್ಲಿ ಆ ಪಂಕ್ತಿ ಎದ್ದಾಗಿತ್ತು. ಎಲೆ ತೆಗೆದು ಹೊಸ ಪೇಪರು ಹಾಸುತ್ತಿದ್ದರು. ಅವರ ಜಾಗದಲ್ಲಿ ಅವರಿರಲಿಲ್ಲ. ಕೈ ತೊಳೆಯುವ ಕಡೆ ನೋಡಿದಳು. ನಲ್ಲಿಗಳ ಸಾಲಿನಿಂದ ಸ್ವಲ್ಪ ಈಚೆಗೆ, ಒಂದು ಕಂಬದೆದುರು ಷಡಕ್ಷರಿ ನಿಂತಿದ್ದರು. ಎಂಜಲು ಕೈಯನ್ನು ಬಟ್ಟೆಗೆ ತಾಗದಂತೆ ಎತ್ತಿ ಹಿಡಿದಿದ್ದರು. ಪಂಚೆಯ ಮೇಲೆ ಸಾರು ಚೆಲ್ಲಿತ್ತು. ಕಂಬವನ್ನು ಯಾರೋ ನಿಂತಿದ್ದಾರೆಂದು ತಿಳಿದು, ‘ಸ್ವಲ್ಪ ಕೈ ತೊಳೆಸ್ತೀರಾ? ನನಗೆ ಅಷ್ಟು ಸರಿಯಾಗಿ ಕಾಣಲ್ಲ’ ಎಂದು ಮರ್ಯಾದೆಯಿಂದ ಕೇಳಿದರು. ಉತ್ತರಕ್ಕೆ ಕಾದರು. ಮತ್ತೆ ಅದನ್ನೇ ಕೇಳಿದರು. ಅವಳು ಓಡಬೇಕಾಗಿತ್ತು, ನಿಂತಲ್ಲೇ ನಿಂತಳು. ಪಕ್ಕದಲ್ಲಿ ಹಾದುಹೋದ ಮಕ್ಕಳು ಕಂಬವನ್ನೂ ಅವರನ್ನೂ ನೋಡಿ ಒಬ್ಬರಿಗೊಬ್ಬರು ತಿವಿದುಕೊಂಡರು. ಷಡಕ್ಷರಿಗೆ ಏನೋ ಅರ್ಥವಾಗಿರಬೇಕು. ಎಡಗೈ ಚಾಚಿ ಕಂಬವನ್ನು ಮುಟ್ಟಿದರು, ಸವರಿದರು, ಕೈ ಹಿಂದಕ್ಕೆ ತೆಗೆದರು. ಎಂಜಲು ಕೈಯನ್ನು ಹಾಗೇ ಎತ್ತಿಕೊಂಡು, ಮುಖವನ್ನು ಗದ್ದಲದ ಕಡೆಗೆ ತಿರುಗಿಸಿ ಕೂಗಿದರು:

‘ಮಲ್ಲಿಕಾಂಬಾ!’

ಬಡಿಸುವವರು ನಿಂತು ನೋಡಿದರು. ಲೇ, ಇವಳೇ, ವಿಶ್ವನ ತಾಯಿ, ಹೀಗೆಲ್ಲ ಕರೆದದ್ದುಂಟು. ಹೆಸರು ಹಿಡಿದು ಅವರು ಎಂದೂ ಕರೆದವರಲ್ಲ, ಮುಚ್ಚಿದ ಕೋಣೆಯಲ್ಲೂ ಕರೆದವರಲ್ಲ. ತನ್ನ ಹೆಸರು ಅವರ ಬಾಯಲ್ಲಿ ಹೇಗಿರುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ಅಜ್ಜಂಪುರದ ಮನೆಯಲ್ಲಿ ಯಾರೋ ಹಿತ್ತಿಲಿಂದ ಕರೆದ ಹಾಗೆ ಕೇಳಿಸಿತು. ಅವಳು ಇದ್ದದ್ದು ಅವರಿಂದ ಎಂಟು ಹತ್ತು ಹೆಜ್ಜೆಯಾಚೆ. ಒಂದು ‘ಬಂದೆ’ ಸಾಕಿತ್ತು. ಅವಳು ಬಾಯಿ ತೆರೆದಳು, ತೆರೆದು, ಮುಚ್ಚಿಕೊಂಡಳು. ಇನ್ನೊಂದು ಸಲ ಕರೆಯಲಿ ಎಂದು ಕಾದಳು.

‘ಮಲ್ಲಿಕಾಂಬಾ...’ ಈ ಸಲ ಧ್ವನಿ ತಗ್ಗಿತ್ತು. ಕರೆದ ಹಾಗಿರಲಿಲ್ಲ, ಅವಳು ಇದ್ದಾಳೋ ಇಲ್ಲವೋ ಎಂದು ತಮ್ಮನ್ನೇ ಕೇಳಿಕೊಂಡ ಹಾಗಿತ್ತು. ದುಂಡಗಿನ ಆ ಮುಖ ಎಲ್ಲರೆದುರು ನಡುಗುತ್ತಿತ್ತು.

ಅವಳು ಹೋಗಿ ಅವರ ಮಣಿಕಟ್ಟು ಹಿಡಿದಳು. ಅವರು ಬೆಚ್ಚಲಿಲ್ಲ. ಕೈಯ ಮೇಲೆ ಕೈ ಇಟ್ಟು ಗುರುತಿಸಿಕೊಂಡರು. ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಬೆರಳ ಸಂದಿಯಲ್ಲಿ ಅಂಟಿ ಒಣಗಿದ್ದ ಅನ್ನದ ಅಗುಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆದಳು. ತೊಳೆದಾದ ಮೇಲೂ ನೀರಿನ ಕೆಳಗಿಂದ ಆ ಕೈಯನ್ನು ತೆಗೆಯಲಿಲ್ಲ.

‘ಎಲ್ಲಿಗೆ ಹೋಗಿದ್ದೆ?’ ಎಂದರು ಷಡಕ್ಷರಿ.

‘ಇಲ್ಲೇ ಇದ್ದೆ’ ಎಂದಳು.

‘ಇಲ್ಲೇ ಇದ್ಯಾ?’ ಎಂದರು. ಅಷ್ಟೇ.  ಒದ್ದೆ ಕೈಯಲ್ಲೇ ಅವಳ ತೋಳನ್ನು ಹುಡುಕಿ ಹಿಡಿದುಕೊಂಡರು.